ಆಯ್ತಪ್ಪ

ನನ್ನ ಮೈದುನನಿಗೆ ಬೀದಿಯವರು ಇಟ್ಟ ಹೆಸರು ಆಯ್ತಪ್ಪ. ಹೆತ್ತವರು ಇಟ್ಟ ಹೆಸರು ಬೇರೆ ಇದೆ, ಕರೆಯುವವರಿಲ್ಲದೆ ಅದು ತುಕ್ಕು ಹಿಡಿದಿದೆ. ಗೇಟು ಯಾವಾಗ ಕೊಡ್ತೀಯೋ ಅಂದರೆ, ಆಯ್ತಪ್ಪ. ಕಿಟಕಿ ಸರಳು ಅಲ್ಲಾಡ್ತಿದೆ ಬಂದು ನೋಡೋ ಅಂದರೆ, ಆಯ್ತಪ್ಪ. ನಮ್ಮ ಮಾತಿನಲ್ಲಿ ಈ ಪದ ಭಾರೀ ಮೋಸದ್ದು. ಕೆಲಸ ಮುಗಿಯಿತು ಅನ್ನುವುದಕ್ಕೂ ಆಯ್ತು, ಮಾಡ್ತೀನಿ ಬಿಡು ಅನ್ನುವುದಕ್ಕೂ ಆಯ್ತು. ಎರಡರ ನಡುವೆ ಒಂದು ಸಂಸಾರ ಬಿದ್ದುಹೋಗುವಷ್ಟು ಜಾಗವಿದೆ. ಬಿದ್ದದ್ದು ನಮ್ಮದು.

ಅವನ ವೆಲ್ಡಿಂಗ್ ಅಂಗಡಿ ನಮ್ಮ ಕಟ್ಟಡದ ಕೆಳಗೇ, ಬೀದಿಗೆ ಬಾಯಿ ತೆರೆದುಕೊಂಡಿದೆ. ನಾವಿರುವುದು ಎರಡನೇ ಮಹಡಿ. ಹೊರಗಡೆಯಿಂದ ಹತ್ತುವ ಮೆಟ್ಟಿಲು, ಮೆಟ್ಟಿಲ ಕೊನೆಗೆ ನಮ್ಮ ಬಾಗಿಲ ಮುಂದೆ ಪುಟ್ಟ ಬಾಲ್ಕನಿ. ಸೋಮಾರಿ ಅಂತ ಅವನನ್ನು ಅನ್ನಲಾರೆ, ಅಂದರೆ ಬಾಯಿಗೆ ಹುಳ ಬಿದ್ದೀತು. ಬೆಳಗಿನಿಂದ ಕೂತದ್ದೇ ಇಲ್ಲ. ಕೆಲಸ ಶುರು ಮಾಡುವುದಕ್ಕೆ ಮುಂಚೆ ಮಾಡುವ ಕೆಲಸಗಳಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಕೇಬಲ್ ಒರೆಸುತ್ತಿದ್ದ, ರಾಡುಗಳನ್ನು ದಪ್ಪದ ಪ್ರಕಾರ ಜೋಡಿಸುತ್ತಿದ್ದ, ಮುಖಕ್ಕೆ ಹಿಡಿಯುವ ಕಪ್ಪು ಗಾಜನ್ನು ಉಸಿರು ಊದಿ ಉಜ್ಜುತ್ತಿದ್ದ. ಅಷ್ಟರಲ್ಲಿ ಟೀ ಹೊತ್ತಾಗುತ್ತಿತ್ತು. ಟೀ ಆದಮೇಲೆ ಬಿಸಿಲು, ಬಿಸಿಲು ಇಳಿದಮೇಲೆ ಕತ್ತಲೆ, ಕತ್ತಲಲ್ಲಿ ಯಾರು ಬೆಸುಗೆ ಹಾಕುತ್ತಾರೆ, ನಾಳೆ ನೋಡೋಣ.

ನಮ್ಮ ಬಾಲ್ಕನಿಯ ರೇಲಿಂಗ್ ತುಕ್ಕು ತಿಂದು ಬುಡದಲ್ಲಿ ಪುಡಿಪುಡಿಯಾಗಿತ್ತು. ಬೀದಿಗೆಲ್ಲ ಗೇಟು ಮಾಡುವವನ ಮನೆಗೆ ತಂತಿ ಸುತ್ತಿದ ರೇಲಿಂಗ್. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ನಾನು ದಿನಕ್ಕೊಂದು ಸಲ ಅಂದು, ನನ್ನ ಗಂಡ ವಾರಕ್ಕೊಂದು ಸಲ ಗದರಿದಮೇಲೆ, ಕೊನೆಗೂ ಅವನು ಹೊಸದು ಮಾಡಿ ತಂದು ನಿಲ್ಲಿಸಿದ. ನಿಲ್ಲಿಸಿದ ಅಷ್ಟೇ. ಅಲ್ಲಾಡದಿರಲಿ ಅಂತ ಎರಡು ಕಡೆ ಬಟಾಣಿ ಕಾಳಿನಷ್ಟು ಬೆಸುಗೆ ಇಟ್ಟಿದ್ದ, ಉಳಿದ ಬೆಸುಗೆ ಆಮೇಲೆ. ಆದರೆ ಬಣ್ಣ ಮಾತ್ರ ಬಳಿದುಬಿಟ್ಟಿದ್ದ. ಕಷ್ಟದ್ದನ್ನು ಬಿಟ್ಟು ಸುಲಭದ್ದನ್ನು ಮೊದಲು ಮಾಡುವುದು ಅವನ ಜಾಯಮಾನ. ಕಪ್ಪು ಬಣ್ಣದಲ್ಲಿ ಅದು ಮದುವೆ ಗಂಡಿನಂತೆ ಮಿರಮಿರ ಮಿಂಚುತ್ತಿತ್ತು.

ಆವತ್ತು ರಜೆ. ನಾನು ಹಾಸಿಗೆ ಹೊದಿಕೆಗಳನ್ನೆಲ್ಲ ಒಗೆದು ಹಿಂಡಿ ಬಕೆಟ್ಟಿನಲ್ಲಿ ಇಟ್ಟಿದ್ದೆ. ಇವರು ಬಕೆಟ್ ಎತ್ತಿಕೊಂಡು ಹೊರಗೆ ಹೋಗಿ, ಕೆಳಕ್ಕೆ ಬಗ್ಗಿ ಕೂಗಿದರು. "ಏ, ರೇಲಿಂಗ್ ಆಯ್ತೇನೋ?" ಕೆಳಗೆ ಕಬ್ಬಿಣ ಉಜ್ಜುವ ಮಷೀನು ಕಿರ್ರೋ ಅನ್ನುತ್ತಿತ್ತು. ಅದರ ಮೇಲಿಂದ ಅವನ ದನಿ ಬಂತು. "ಆಯ್ತು ಅಣ್ಣಾ, ಆಯ್ತು!"

ಒಳಗಿದ್ದ ನಾನು ಎರಡನ್ನೂ ಕೇಳಿದೆ. ಇವರು ಕೇಳಿದ್ದು ಮುಗಿಯಿತಾ ಅಂತ. ಅವನು ಹೇಳಿದ್ದು ಮಾಡ್ತೀನಿ ಅಂತ. ಇವರು ದಪ್ಪ ಹೊದಿಕೆಯನ್ನು ರೇಲಿಂಗಿನ ಮೇಲೆ ಹರವಿ, ಸುಕ್ಕು ಹೋಗಲಿ ಅಂತ ಎದೆ ಕೊಟ್ಟು ಎಳೆದರು. ಆಮೇಲೆ ಕೇಳಿದ ಸದ್ದನ್ನು ಬರೆಯುವುದಕ್ಕೆ ನನಗೆ ಮನಸ್ಸಿಲ್ಲ.

ಜೀವ ಉಳಿಯಿತು. ಕತ್ತಿನಿಂದ ಕೆಳಗೆ ಯಾವುದೂ ಉಳಿಯಲಿಲ್ಲ. ಟೈಲ್ಸ್ ಕೂರಿಸುವ ಕೆಲಸ ಇವರದು, ಮಂಡಿಯೂರಿ ಕೂತರೆ ಒಂದು ಕೋಣೆ ಮುಗಿಸಿಯೇ ಏಳುತ್ತಿದ್ದ ಮನುಷ್ಯ. ಆಸ್ಪತ್ರೆಯಿಂದ ಕಳಿಸುವ ದಿನ ಅಲ್ಲಿನ ಹಿರಿಯ ನರ್ಸ್ ನಮ್ಮಿಬ್ಬರನ್ನು ಹಾಸಿಗೆಯ ಎರಡು ಬದಿಗೆ ನಿಲ್ಲಿಸಿಕೊಂಡು ಹೇಳಿದರು. "ನೋಡಿ, ಇವರಿಗೆ ನೋವು ಗೊತ್ತಾಗಲ್ಲ. ಒಂದೇ ಕಡೆ ಮಲಗಿದ್ರೆ ಚರ್ಮ ಸಾಯುತ್ತೆ, ಹುಣ್ಣಾಗುತ್ತೆ, ಹುಣ್ಣು ಮೂಳೆಗೆ ಇಳಿದ್ರೆ ಮನುಷ್ಯ ಉಳಿಯಲ್ಲ. ಎರಡು ಗಂಟೆಗೊಂದು ಸಲ ಹೊರಳಿಸಬೇಕು. ಎಡಕ್ಕೆ, ಅಂಗಾತ, ಬಲಕ್ಕೆ. ಹಗಲು ರಾತ್ರಿ. ಎಲ್ಲಾದ್ರೂ ಕೆಂಪಾದ್ರೆ ಬೆರಳಿಂದ ಒತ್ತಿ. ಒತ್ತಿದ ಜಾಗ ಬಿಳಿ ಆಗಿ ಮತ್ತೆ ಕೆಂಪಾದ್ರೆ ಪರವಾಗಿಲ್ಲ. ಕೆಂಪು ಕದಲದೆ ಕೂತ್ರೆ ಹುಷಾರು. ಆಮೇಲೆ ಮಾಡ್ತೀನಿ ಅನ್ನೋ ಮಾತು ಈ ಕೆಲಸದಲ್ಲಿ ಇಲ್ಲ."

ನನ್ನ ಮೈದುನ ತಲೆ ತಗ್ಗಿಸಿ "ಆಯ್ತು ಸಿಸ್ಟರ್" ಅಂದ. ಆ ಹಾಸಿಗೆಯ ಮೇಲಿಂದಲೇ ಹಾರಿ ಅವನ ಕಪಾಳಕ್ಕೆ ಬಾರಿಸಬೇಕು ಅನ್ನಿಸಿತು ನನಗೆ.

ಅವನ ಜೊತೆ ಮಾತು ಬಿಟ್ಟೆ. ಮನೆ ಓನರ್ ಬೇರೆ ವೆಲ್ಡರನ್ನು ಕರೆಸಿ ರೇಲಿಂಗ್ ಹಾಕಿಸಿದರು. ಇವನು ಕೆಳಗೆ ಬೀದಿಯಲ್ಲಿ ನಿಂತು, ಇನ್ನೊಬ್ಬನ ಕೈಯಿಂದ ಉದುರುವ ಕಿಡಿಗಳನ್ನು ಬರಿಗಣ್ಣಲ್ಲಿ ನೋಡಿದನಂತೆ. ಮರುದಿನ ಕಣ್ಣು ಊದಿ ಕೆಂಡವಾಗಿತ್ತು. ನನಗೆ ಅಯ್ಯೋ ಅನ್ನಿಸಲಿಲ್ಲ.

ಆದರೆ ಹೊಟ್ಟೆ ಕೇಳಬೇಕಲ್ಲ. ನಾನು ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸದವಳು, ಹೋಟೆಲುಗಳ ಹಾಸಿಗೆ ಬಟ್ಟೆಗಳು ಬರುತ್ತವೆ. ಕೆಲವು ದಿನ ನನ್ನ ತಂಗಿ ಬಂದು ನೋಡಿಕೊಂಡಳು, ಅವಳಿಗೂ ಅವಳ ಮನೆ ಇದೆ. ಇನ್ನು ಉಳಿದವನು ಯಾರು? "ಅವನೇ ನೋಡ್ಕೊಳ್ಳಲಿ ಬಿಡು" ಅಂದರು ಇವರು ಚಾವಣಿ ನೋಡುತ್ತ.

"ನಾಳೆ ಅನ್ನೋನ ಕೈಗೆ ನಿಮ್ಮನ್ನ ಕೊಟ್ಟು ಹೋಗ್ಲಾ? ನನಗಿನ್ನೂ ತಲೆ ಕೆಟ್ಟಿಲ್ಲ."

"ಮತ್ಯಾರಿದಾರೆ ಹೇಳು."

ಯಾರೂ ಇರಲಿಲ್ಲ. ಹೋದೆ. ಮೊದಲ ದಿನ ಬಿಸಿ ಇಸ್ತ್ರಿಯ ಕೆಳಗೆ ಹೋಟೆಲಿನ ಬಿಳಿ ಬಟ್ಟೆಗೆ ಕಂದು ಗುರುತು ಬೀಳಿಸಿ ಬೈಸಿಕೊಂಡೆ. ಮನಸ್ಸೆಲ್ಲ ಗಡಿಯಾರದ ಮೇಲೆ. ಈಗ ಹೊರಳಿಸಿದನೋ ಇಲ್ಲವೋ, ಕೆಳಗೆ ಯಾವ ಕೇಬಲ್ ಒರೆಸುತ್ತ ಕೂತಿದ್ದಾನೋ.

ನನ್ನ ಅನುಮಾನ ಸುಳ್ಳಾಗಲಿಲ್ಲ. ಆ ವಾರವೇ ಒಂದು ಮಧ್ಯಾಹ್ನ ಕರೆಂಟು ಹೋಗಿ ಲಾಂಡ್ರಿಯಿಂದ ಬೇಗ ಬಿಟ್ಟರು. ಬಂದರೆ ಇವನು ಅಂಗಡಿಯಲ್ಲಿ ಡಬ್ಬಿಯ ಸ್ಕ್ರೂಗಳನ್ನೆಲ್ಲ ಸುರುವಿಕೊಂಡು ಉದ್ದದ್ದು ಗಿಡ್ಡದ್ದು ಬೇರೆ ಮಾಡುತ್ತಿದ್ದಾನೆ. ನನ್ನನ್ನು ನೋಡಿ ಎದ್ದು ನಿಂತ. "ಈಗ ಹೋಗ್ತಿದ್ದೆ ಅತ್ತಿಗೆ. ಇದೊಂದು ಮುಗಿಸಿ..." ನಾನು ಮೆಟ್ಟಿಲನ್ನು ಎರಡೆರಡೇ ಹತ್ತಿ ಹೋದೆ. ಇವರನ್ನು ಪಕ್ಕಕ್ಕೆ ಎಳೆದು ನೋಡಿದರೆ ಎಡ ಸೊಂಟದ ಮೂಳೆಯ ಮೇಲೆ ಅಂಗೈಯಷ್ಟು ಕೆಂಪು. ಹಿಂದೆಯೇ ಓಡಿ ಬಂದಿದ್ದವನ ಕೈ ಹಿಡಿದು, ಅವನ ತೋರುಬೆರಳನ್ನು ಆ ಕೆಂಪಿನ ಮೇಲೆ ಇಟ್ಟೆ.

"ಒತ್ತು."

ಒತ್ತಿದ.

"ತೆಗಿ."

ತೆಗೆದ. ಕೆಂಪು ಕದಲಲಿಲ್ಲ. ಅವನು ಇನ್ನೊಮ್ಮೆ ಒತ್ತಿದ, ಮತ್ತೊಮ್ಮೆ ಒತ್ತಿದ. ಹಠ ಹಿಡಿದ ಮಗುವಿನಂತೆ ಒತ್ತುತ್ತಲೇ ಇದ್ದ. ಇವರು ಕೇಳಿದರು, "ಏನಾಯ್ತು? ಏನಿದೆ ಅಲ್ಲಿ?" ತಮ್ಮ ಮೈಯಲ್ಲಿ ಏನಾಗಿದೆ ಅಂತ ಬೇರೆಯವರನ್ನು ಕೇಳಬೇಕಾದ ಸ್ಥಿತಿ ನನ್ನ ಶತ್ರುವಿಗೂ ಬೇಡ. ಮೈದುನ ಗೋಡೆಗೆ ಆತುಕೊಂಡು ಕುಸಿದು ಕೂತ.

ಆ ಜಾಗ ಬಿರಿಯಿತು. ಮಾಯುವುದಕ್ಕೆ ಎಷ್ಟೋ ವಾರ ಹಿಡಿಯಿತು, ಜ್ವರ ಬಂತು, ಇನ್ನೇನು ಕೈ ತಪ್ಪಿತು ಅಂದುಕೊಂಡ ದಿನಗಳೂ ಬಂದವು. ಅಷ್ಟೂ ದಿನ ಗಾಯ ತೊಳೆದವನು ಅವನೇ. ನನ್ನ ಕೈಗೆ ಕೊಡಲಿಲ್ಲ.

ಕೆಟ್ಟಮೇಲೆ ಬುದ್ಧಿ ಬಂತು, ಅಟ್ಟಮೇಲೆ ಒಲೆ ಉರೀತು ಅನ್ನುತ್ತಾರೆ. ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗೆ, ನಾಲ್ಕು ದಿನದ ಶೌರ್ಯ ಅಂತ ನಾನೂ ಕಾದೆ. ಬಾಲ ಮತ್ತೆ ಡೊಂಕಾಗಲಿಲ್ಲ. ಅವನು ಶಪಥ ಗಿಪಥ ಏನೂ ಮಾಡಲಿಲ್ಲ. ದೊಡ್ಡ ಕೆಲಸಗಳನ್ನು ಬಿಟ್ಟ. ಗೇಟು, ಮೆಟ್ಟಿಲು, ಶೆಡ್ಡು ಯಾವುದನ್ನೂ ಒಪ್ಪಲಿಲ್ಲ. ಎರಡು ಹೊರಳಿನ ನಡುವೆ ಮುಗಿಯುವುದಿದ್ದರೆ ಮಾತ್ರ ಮುಟ್ಟಿದ. ಕುರ್ಚಿಯ ಕಾಲು, ಬಾಗಿಲ ಚಿಲಕ, ಬಾಣಲೆಯ ಹಿಡಿ. ಯಾರಾದರೂ ಸಾಮಾನು ತಂದರೆ ತಿರುಗಿಸಿ ನೋಡಿ, "ಇದು ಒಂದು ಹೊರಳಿನ ಕೆಲಸ, ಇಟ್ಟು ಹೋಗಿ" ಅನ್ನುತ್ತಿದ್ದ. ಅಥವಾ, "ಇದು ನನ್ನ ಕೈಲಾಗಲ್ಲ, ಮುಂದಿನ ಬೀದಿಗೆ ತಗೊಂಡು ಹೋಗಿ." ಸಾಮಾನು ಇಳಿಸಿಕೊಂಡ ತಕ್ಷಣ ಶುರು ಮಾಡುತ್ತಿದ್ದ. ಕೇಬಲ್ ಧೂಳು ಹಿಡಿಯಿತು. ಗಾಜು ಮಸುಕಾಯಿತು.

ಒಂದು ದಿನ ನಾನೇ ಮೌನ ಮುರಿದು ಕೇಳಿದೆ. "ಹೇಗೋ ಏಳ್ತೀಯ? ರಾತ್ರಿಯೆಲ್ಲ ಎದ್ದಿರ್ತೀಯ, ಬೇಜಾರಾಗಲ್ವಾ?"

"ಆಗುತ್ತೆ ಅತ್ತಿಗೆ. ಮನಸ್ಸು ಬರಲಿ ಅಂತ ಕಾದ್ರೆ ಅದು ಬರೋದೇ ಇಲ್ಲ. ಮೊದಲು ಎದ್ದು ನಿಂತ್ಬಿಡ್ತೀನಿ. ನಿಂತಮೇಲೆ ಮತ್ತೆ ಕೂರೋಕೂ ಬೇಜಾರಲ್ವಾ, ಮಾಡ್ಬಿಡ್ತೀನಿ." ಅಷ್ಟೇ ಅವನ ವೇದಾಂತ.

ಇನ್ನೊಂದನ್ನೂ ಬಿಟ್ಟ. ಆಯ್ತು ಅನ್ನುವ ಮಾತನ್ನು ಬಿಟ್ಟ. ಆಯ್ತು ಮಾತ್ರವಲ್ಲ, ಸರಿ ಅನ್ನುವುದನ್ನೂ, ಹೂಂ ಅನ್ನುವುದನ್ನೂ. ಮುಂದೆ ಆಗಬೇಕಾದ ಯಾವುದಕ್ಕೂ ಅವನ ಬಾಯಿಂದ ಒಪ್ಪಿಗೆ ಹೊರಡುತ್ತಿರಲಿಲ್ಲ. ಬರುವಾಗ ಸೋಪು ತಗೊಂಡು ಬಾ ಅಂದರೆ ಸುಮ್ಮನೆ ನೋಡುತ್ತಿದ್ದ. ತಂದು ಕೈಗೆ ಕೊಟ್ಟು "ತಂದೆ" ಅನ್ನುತ್ತಿದ್ದ. ಗಿರಾಕಿಗಳಿಗೆ ತಲೆ ಕೆಡುತ್ತಿತ್ತು. "ನಾಳೆ ಸಿಗುತ್ತಾ?" ಅಂದರೆ "ನಾಳೆ ಬಂದು ನೋಡಿ." "ಮಾಡ್ತೀಯೋ ಇಲ್ವೋ?" ಅಂದರೆ "ಮಾಡಿದ್ಮೇಲೆ ಹೇಳ್ತೀನಿ." ಹೆಸರು ಮಾತ್ರ ಅದೇ ಉಳಿಯಿತು. ಆಯ್ತು ಅನ್ನದ ಆಯ್ತಪ್ಪ ಅಂತ ಬೀದಿಯವರು ನಗುತ್ತಿದ್ದರು. ಅವನ ಮಾತಿನ ಈ ಹೊಸ ವ್ಯಾಕರಣ ಮನೆಯಲ್ಲಿ ನಮಗಿಬ್ಬರಿಗೆ ಮಾತ್ರ ಪಾಠವಾಗಿತ್ತು. ಬೇಡ ಅನ್ನುವುದಿದ್ದರೆ ನೇರ ಬೇಡ ಅನ್ನುತ್ತಾನೆ. ಬೇಡ ಅನ್ನಲಿಲ್ಲ ಅಂದರೆ ಮಾಡುತ್ತಾನೆ ಅಂತಲೇ ಅರ್ಥ, ಪ್ರಾಣ ಹೋದರೂ.

ನನ್ನ ಗಂಡನಿಗೇ ಕೆಲವೊಮ್ಮೆ ರೇಜಿಗೆ ಹುಟ್ಟುತ್ತಿತ್ತು. "ಬಾಣಲೇಲಿ ಮೀನು ಮಗುಚಿದ ಹಾಗೆ ಮಗುಚ್ತೀಯಲ್ಲೋ. ಈಗ ತಾನೇ ಕಣ್ಣು ಹತ್ತಿತ್ತು, ಆಮೇಲೆ ಮಾಡು." ಇವನು ಕೇಳದವನಂತೆ ದಿಂಬು ಎಳೆಯುತ್ತಿದ್ದ. "ಬಿಡೋ, ಹುಣ್ಣಾದ್ರೆ ಆಗ್ಲಿ, ನಿಮ್ಮಿಬ್ಬರಿಗೂ ಬಿಡುಗಡೆ" ಅಂತ ಒಮ್ಮೆ ಕಿರುಚಿದರು. ಇವನು ಹೊರಳಿಸಿ, ಸೊಂಟ, ಹಿಮ್ಮಡಿ, ಭುಜ ಎಲ್ಲ ಒತ್ತಿ ನೋಡಿ, ಹೊದಿಕೆ ಸರಿಮಾಡಿ ಹೊರಗೆ ಹೋದ. ಬಾಗಿಲ ಹಿಂದೆ ನಿಂತು ಕೈಕಚ್ಚಿಕೊಂಡು ಅತ್ತ. ಆವತ್ತು ನನ್ನ ಸಿಟ್ಟಿನ ಒಂದು ಗಂಟು ಸಡಿಲವಾಯಿತು. ಪೂರ್ತಿ ಅಲ್ಲ.

ಬೀದಿಯ ಕೊನೆಗೆ ಹಾರ್ಡ್‌ವೇರ್ ಅಂಗಡಿ. ಅಲ್ಲಿ ಮೊಳೆ ತೂಗಿ ಕೊಡುವವಳು ಅಂಗಡಿಯವನ ತಂಗಿ. ನಮಗೆಲ್ಲ ಅವಳು ಮೊಳೆ ಅಂಗಡಿಯವಳು. ಮಾತೂ ಮೊಳೆಯದ್ದೇ, ಒಂದೇ ಏಟಿಗೆ ಒಳಗೆ ಹೋಗಬೇಕು. ಇವನ ಮೇಲೆ ಅವಳಿಗೆ ಮೊದಲಿಂದಲೂ ಮನಸ್ಸು. ಆಯ್ತಪ್ಪನಾಗಿದ್ದಾಗ ಮದುವೆ ಆಗೋಣ್ವಾ ಅಂತ ಎಷ್ಟು ಸಲ ಕೇಳಿದ್ದಳೋ, ಅಷ್ಟೂ ಸಲ ಆಯ್ತು ಅಂದಿದ್ದ, ಏನೂ ಆಗಿರಲಿಲ್ಲ. ಈಗ ಅವನು ರಾಡು ಕೊಳ್ಳಲು ಹೋದರೆ ಓಡುತ್ತ ಹೋಗಿ ಓಡುತ್ತ ಬರುತ್ತಿದ್ದ. ಆದರೂ ಅವಳು ಅಷ್ಟರಲ್ಲೇ ಏನೋ ಒಂದು ಮಾತು ಕಟ್ಟಿ ಕಳಿಸುತ್ತಿದ್ದಳು. ಬರುವಾಗ ಅವನ ಮುಖದಲ್ಲಿ ಒಂದು ಚೂರು ನಗು ಇರುತ್ತಿತ್ತು. ನಮ್ಮ ಮನೆಯಲ್ಲಿ ಆ ಸಾಮಾನು ಬೇರೆಲ್ಲೂ ಸಿಗುತ್ತಿರಲಿಲ್ಲ.

ಮೊನ್ನೆ ಮೊನ್ನೆ ಅವನು ಕೇಳಿದ. "ಅತ್ತಿಗೆ, ಅಡುಗೆಮನೆ ಪಕ್ಕದ ಕೋಣೇಲಿ ಇಬ್ಬರು ಮಲಗೋ ಮಂಚ ಹಿಡಿಯುತ್ತಾ?" ಹಿಡಿಯಬಹುದು ಅಂದೆ. ಆಮೇಲೆ ಒಂದು ಸಂಜೆ ಅಂಗಡಿಗೆ ಇಳಿದಾಗ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ಅದು ಕಾಣಿಸಿತು. ಎತ್ತಿ ನೋಡಿದೆ. ಕಬ್ಬಿಣದ ಮಂಚ, ಅಗಲವಾದದ್ದು. ಹೊರಳಿಗೊಂದು ಕಾಲು, ಹೊರಳಿಗೊಂದು ಪಟ್ಟಿ ಅಂತ ಅದೆಷ್ಟು ದಿನ ಮಾಡಿದ್ದನೋ. ಬೆರಳಾಡಿಸಿದೆ, ಎಲ್ಲ ಕಡೆ ಪೂರ್ತಿ ಬೆಸುಗೆ, ಉಜ್ಜಿ ನುಣ್ಣಗೆ ಮಾಡಿದ್ದ. ಬಣ್ಣ ಇನ್ನೂ ಬಳಿದಿರಲಿಲ್ಲ. ಟಾರ್ಪಾಲು ಮುಚ್ಚಿ ಮೇಲೆ ಬಂದೆ. ನನ್ನ ಎದೆಯಲ್ಲಿ ಹುಟ್ಟಿದ್ದು ಸಂತೋಷ ಅಲ್ಲ, ಭಯ. ನಾಳೆ ಅವಳು ಬೇರೆ ಮನೆ ಮಾಡು ಅಂದರೆ? ಅವಳಿಗೊಂದು ಮಗುವಾದರೆ? ರಾತ್ರಿ ಇವರನ್ನು ಹೊರಳಿಸುವುದಕ್ಕೆ ಯಾರು ಏಳುತ್ತಾರೆ? ನಾನು ಒಬ್ಬಳೇ ಅಂದರೆ ನನ್ನ ಸೊಂಟ ಎಷ್ಟು ದಿನ ತಡೆದೀತು? ಒಂದೇ ಒಂದು ಹೊರಳು ತಪ್ಪಿದರೆ ಏನಾಗುತ್ತದೆ ಅಂತ ನನ್ನ ಕಣ್ಣೇ ನೋಡಿದೆ.

ಈ ರಜೆಯ ದಿನ ಅವಳೇ ಮೆಟ್ಟಿಲು ಹತ್ತಿ ಬಂದಳು. ಒಳಗೆ ಕರೆದರೆ ಬರಲಿಲ್ಲ. ಬಾಲ್ಕನಿಯಲ್ಲೇ ನಿಂತಳು. ನಾನು ಬಾಗಿಲಲ್ಲಿ ಕೂತು ಹಾಸಿಗೆ ಬಟ್ಟೆ ಮಡಚುತ್ತಿದ್ದೆ. ಇವನು ಕೈ ಒರೆಸಿಕೊಳ್ಳುತ್ತ ಬಂದ.

"ಅಣ್ಣ ಇಲ್ಲಿ ಅಂಗಡಿ ಮುಚ್ತಿದ್ದಾನೆ" ಅಂದಳು. "ಬೇರೆ ಊರಲ್ಲಿ ತೆಗೀತಾನೆ. ನಾಳೆ ಬೆಳಗ್ಗೆ ಲಾರಿ ಬರುತ್ತೆ. ನಾನು ಹೋಗ್ಬೇಕಾ, ಇರ್ಬೇಕಾ?"

ಅವನು ಅವಳ ಮುಖವನ್ನೇ ನೋಡಿದ.

"ಮುಂದಿನ ತಿಂಗಳು ರಿಜಿಸ್ಟರ್ ಮಾಡಿಸ್ಕೊಳ್ಳೋಣ. ನೀನು ಬರ್ತೀಯಾ? ಇಷ್ಟೇ ನಾನು ಕೇಳೋದು."

"ಆ ದಿನ ಬರ್ಲಿ."

"ಬರ್ಲಿ ಅಂದ್ರೆ?"

"ಬಂದಾಗ ನೋಡು ನನ್ನ."

"ಹಂಗಾದ್ರೆ ಈಗ ಏನ್ ಮಾಡ್ಲಿ? ಕಾಯ್ಲಾ?"

"ಕಾಯಿ ಅಂತ ನಾನು ಯಾರಿಗೂ ಹೇಳಲ್ಲ" ಅಂದ. ಇನ್ನೂ ಏನೋ ಹೇಳುವುದಕ್ಕೆ ಬಾಯಿ ತೆರೆದ, ಬಾಗಿಲಿಂದ ಒಳಗಿನ ಗೋಡೆಯ ಗಡಿಯಾರ ನೋಡಿದ. ಹೊರಳಿನ ಹೊತ್ತಾಗಿತ್ತು. ಒಂದು ಕ್ಷಣ ಕಾಲು ಕಿತ್ತಿಡಲಾರದೆ ನಿಂತು, ಒಳಗೆ ಹೋದ.

ಅವಳು ನಕ್ಕಳು, ಅಳು ಬರುವುದಕ್ಕೆ ಮುಂಚಿನ ನಗು. "ಇವನು ಬದಲಾಗಿದ್ದಾನೆ ಅಂತ ಬೀದಿಯೆಲ್ಲ ಹೇಳುತ್ತೆ. ಬಂದಾಗ ನೋಡು ಅಂತೆ! ನನ್ನ ಪಾಲಿಗೆ ಮಾತ್ರ ಹಳೇ ಆಯ್ತಪ್ಪನೇ." ಆಮೇಲೆ ನನ್ನ ಹತ್ತಿರ ಬಂದು ಕೂತು, ಮಡಚುತ್ತಿದ್ದ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಳು. "ಅಕ್ಕಾ, ನೀವು ಹೇಳಿ. ನೀವು ಹೇಳಿದ್ರೆ ನಂಬ್ತೀನಿ. ಅವನ ಮನಸ್ಸಲ್ಲಿ ಏನಿದೆ?"

ಹೇಳುವುದಕ್ಕೆ ಎಷ್ಟು ಹೊತ್ತು ಬೇಕಿತ್ತು? ಕೆಳಗೆ ಹೋಗಿ ಆ ಟಾರ್ಪಾಲು ಎತ್ತಿ ನೋಡು ತಾಯಿ ಅಂದಿದ್ದರೆ ಸಾಕಿತ್ತು. ಬೇಡ ಅನ್ನದಿದ್ದರೆ ಅವನ ಬಾಯಲ್ಲಿ ಅದೇ ಹೂಂ ಕಣೇ ಅಂದಿದ್ದರೆ ಸಾಕಿತ್ತು. ಒಳಗಿಂದ ದಿಂಬು ಎಳೆಯುವ ಸದ್ದು ಬರುತ್ತಿತ್ತು, ಅವನು ಉಸಿರು ಬಿಗಿಹಿಡಿದು ಇವರ ಭುಜ ಎತ್ತುವ ಸದ್ದು.

"ಅವನ ಮನಸ್ಸು ಅವನಿಗೇ ಗೊತ್ತಮ್ಮ" ಅಂದೆ.

ಅವಳು ಬಟ್ಟೆಯ ತುದಿಯನ್ನು ನನ್ನ ಕೈಗೆ ಸೇರಿಸಿ, ಅಂಚಿಗೆ ಅಂಚು ಕೂಡಿಸಿಕೊಟ್ಟು ಎದ್ದಳು. ಮೆಟ್ಟಿಲು ಇಳಿದಳು. ನಾನು ರೇಲಿಂಗ್ ಹಿಡಿದು ನೋಡಿದೆ. ವೆಲ್ಡಿಂಗ್ ಅಂಗಡಿಯ ಮುಂದೆ ಹಾದಳು, ಒಳಗೆ ತಿರುಗಿ ನೋಡಲಿಲ್ಲ, ಬೀದಿಯ ಕೊನೆಯವರೆಗೂ ಕಾಣಿಸಿದಳು. ಕೂಗಿದ್ದರೆ ಕೇಳಿಸುತ್ತಿತ್ತು. ನನ್ನ ಗಂಟಲಿನಲ್ಲಿ ಕೂಗು ಇತ್ತು, ಅದರ ಮೇಲೆ ದೊಡ್ಡದೊಂದು ಸಮಾಧಾನ ಕೂತುಬಿಟ್ಟಿತ್ತು. ನಾಚಿಕೆಯಾಯಿತು, ಆದರೂ ಸಮಾಧಾನವೇ.

ಒಳಗೆ ಹೋದೆ. ಮೈದುನ ಕೊಳೆ ಬಟ್ಟೆ ಎತ್ತಿಕೊಂಡು ನನ್ನನ್ನು ದಾಟುವಾಗ ಬಾಗಿಲ ಕಡೆ ನೋಡಿದ, ಖಾಲಿ ಬಾಲ್ಕನಿ ನೋಡಿದ. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದ. ನನ್ನ ಗಂಡ ಎಡಮಗ್ಗುಲಾಗಿ, ನನ್ನ ಕಡೆಗೇ ಮುಖ ಮಾಡಿ ಮಲಗಿದ್ದರು. ಇವರಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ.

"ಅವಳಿಗೆ ಯಾಕೆ ಹೇಳ್ಲಿಲ್ಲ?" ಅಂದರು.

"ನಾಳೆ ಹೋಗಿ ಹೇಳಿದರಾಯ್ತು."

"ನಾಳೆ ಬೆಳಗ್ಗೆ ಲಾರಿ ಬರುತ್ತೆ ಕಣೇ."

ಅವರ ಸೊಂಟದ ಹತ್ತಿರ ಬಟ್ಟೆಯಲ್ಲಿ ಒಂದು ಸುಕ್ಕು ಇತ್ತು, ಅದನ್ನು ಎಳೆದು ಸರಿಮಾಡಿದೆ. ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಮುಖವನ್ನು ದಿಂಬಿನೊಳಗೆ ತಿರುಗಿಸಿಕೊಂಡರು. ಅದೊಂದನ್ನು ಅವರಿಗೆ ಇನ್ನೂ ಯಾರೂ ಮಾಡಿಕೊಡಬೇಕಾಗಿಲ್ಲ.